ಸೊನ್ನೆ ಬಂದ ಬ್ಯಾಡ್ಜ್

ದೊಡ್ಡನೆಕ್ಕುಂದಿ, ಬೆಂಗಳೂರು
೧೩ ಜೂನ್ ೨೦೧೦

ದಾನಕ್ಕನಿಗೆ ಹನುಮೇಶನ ಶರಣು.

ಮಲಕಪ್ಪ ಮಾವನಿಗೆ ಫೋನಿನಲ್ಲಿ ಹೇಳಿದರೆ ಅವರು ನಿನಗೆ ಅರ್ಧ ತಲುಪಿಸಿ, ಉಳಿದರ್ಧ ತಾವೇ ಇಟ್ಟುಕೊಳ್ಳುತ್ತಾರೆ. ಒಂಬತ್ತನೇ ವಯಸ್ಸಿನಲ್ಲಿ ಬಂದ ಜ್ವರ ನಿನ್ನ ಕಿವಿಯನ್ನು ತೆಗೆದುಕೊಂಡು ಹೋದರೂ ಕಣ್ಣನ್ನು ಬಿಟ್ಟು ಹೋಗಿದೆಯಲ್ಲ, ಆದ್ದರಿಂದ ಬರೆಯುತ್ತೇನೆ. ಓದಿ ಬೈಯುವ ಕೆಲಸ ನಿನ್ನದು.

ಕಬ್ಬಿಣ ಕಟ್ಟುವ ಕೆಲಸ ಬಿಟ್ಟೆ. ಈಗ ನನಗೆ ನಿಲ್ಲುವ ಕೆಲಸ ಸಿಕ್ಕಿದೆ. ನಗಬೇಡ. ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿ ವಿಮಾನ ನಿಲ್ದಾಣಗಳಿಗೆ ಮೈ ತಪಾಸಣೆಯ ಯಂತ್ರ ತಯಾರಿಸುತ್ತದೆ. ಹೋದ ವರ್ಷ ಯಾರೋ ಚಡ್ಡಿಯೊಳಗೆ ಬಾಂಬು ಬಚ್ಚಿಟ್ಟುಕೊಂಡು ವಿಮಾನ ಹತ್ತಿದ್ದನಂತೆ. ಅಂದಿನಿಂದ ಎಲ್ಲ ದೇಶಗಳಿಗೂ ಈ ಯಂತ್ರ ಬೇಕಂತೆ. ಬೀರುವಿನಷ್ಟು ಎತ್ತರದ ಎರಡು ಪೆಟ್ಟಿಗೆಗಳು, ನಡುವೆ ನೆಲದ ಮೇಲೆ ಹಳದಿ ಬಣ್ಣದಲ್ಲಿ ಎರಡು ಪಾದದ ಗುರುತು. ಅದರ ಮೇಲೆ ನಿಂತು ಎರಡೂ ಕೈ ಮೇಲೆತ್ತಬೇಕು. ಎಂಟು ಸೆಕೆಂಡಿನಲ್ಲಿ ಮುಗಿಯಿತು. ಕೆಲವೊಮ್ಮೆ ನನ್ನ ಸೊಂಟಕ್ಕೆ ಪ್ಲಾಸ್ಟಿಕ್ ಚಾಕು ಸಿಕ್ಕಿಸುತ್ತಾರೆ, ಕೆಲವೊಮ್ಮೆ ತೊಡೆಗೆ ಹಿಟ್ಟಿನ ಪೊಟ್ಟಣ ಕಟ್ಟುತ್ತಾರೆ. ಪಕ್ಕದ ಕೋಣೆಯಲ್ಲಿ ಕುಳಿತವರು ಅದನ್ನು ಪರದೆಯ ಮೇಲೆ ಹುಡುಕಬೇಕು. ಪರದೆಯಲ್ಲಿ ಬಟ್ಟೆ ಕಾಣುವುದಿಲ್ಲ, ಮೈ ಮಾತ್ರ ಕಾಣುತ್ತದಂತೆ. ಮೊದಲ ದಿನ ನಾಚಿಕೆಯಿಂದ ಸತ್ತೆ. ಎರಡನೇ ದಿನ ಊಟದ ಹೊತ್ತಿಗೆ ನೆನಪಾಯಿತು. ಈಗ ನೆನಪೂ ಆಗುವುದಿಲ್ಲ.

ನನ್ನನ್ನೇ ಏಕೆ ಆರಿಸಿದರು ಗೊತ್ತೇ? ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಅಳೆದರು. ವೀರೇಶ್ ಸಾರ್ ಎಂಬ ಇಂಜಿನಿಯರ್ ಇದ್ದಾರೆ, ದಾವಣಗೆರೆಯವರು. ನನ್ನ ಬೆನ್ನು ತಟ್ಟಿ, “ನೀನು ಉದ್ದನೂ ಇಲ್ಲ, ಗಿಡ್ಡನೂ ಇಲ್ಲ, ದಪ್ಪನೂ ಇಲ್ಲ, ಸಣ್ಣನೂ ಇಲ್ಲ. ನಮಗೆ ಬೇಕಾಗಿದ್ದು ಇಂಥ ಮನುಷ್ಯನೇ ಕಣಯ್ಯಾ” ಎಂದರು. ಹುಟ್ಟಿದ ಮೇಲೆ ನನ್ನ ಮೈಯನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು.

ಎದೆಗೆ ಸಿಕ್ಕಿಸಿಕೊಳ್ಳಲು ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬ್ಯಾಡ್ಜ್ ಕೊಟ್ಟಿದ್ದಾರೆ. “ಒಳಗೆ ಎಕ್ಸ್-ರೇ ಇರುತ್ತೆ. ಬ್ಯಾಡ್ಜ್ ಇಲ್ದೆ ಕಾಲಿಡ್ಬೇಡ, ಹುಷಾರು” ಎಂದು ವೀರೇಶ್ ಸಾರ್ ಕಣ್ಣು ದೊಡ್ಡದು ಮಾಡಿ ಹೇಳಿದರು. ಅವರೂ ಹಾಕಿಕೊಳ್ಳುತ್ತಾರೆ. ಹೆದರುವಂಥದ್ದೇನೂ ಇಲ್ಲ. ವಿಮಾನದಲ್ಲಿ ಎರಡು ನಿಮಿಷ ಹಾರಿದರೆ ಎಷ್ಟು ಕಿರಣ ಬೀಳುತ್ತದೋ ಒಂದು ಸಲ ನಿಂತರೆ ಅಷ್ಟೇ ಅಂತೆ. ನಾನೆಲ್ಲಿ ಹಾರಿದ್ದೇನೆ, ಹೋಲಿಸಿ ನೋಡಲು.

ಬಸಲಿಂಗನ ಜೊತೆ ಅದೇ ರೂಮಿನಲ್ಲಿದ್ದೇನೆ. ಅದೇ ವಿಳಾಸಕ್ಕೆ ಬರೆ.

ನಿನ್ನ ತಮ್ಮ
ಹನುಮೇಶ


ಗಜೇಂದ್ರಗಡ
೨೪ ಜೂನ್ ೨೦೧೦

ಹನುಮಾ,

ನಿಲ್ಲುವವನಿಗೆ ಸಂಬಳ ಕೊಡುವವರ ಮೇಲೆ ನನಗೆ ನಂಬಿಕೆಯಿಲ್ಲ. ಸುಮ್ಮನೆ ನಿಂತವನಿಗೆ ಯಾರೂ ಕೊಡುವುದಿಲ್ಲ, ಅವನಿಂದ ಏನನ್ನೋ ತೆಗೆದುಕೊಳ್ಳುತ್ತಿರುತ್ತಾರೆ.

ಕುಪ್ಪಸದ ಬಟ್ಟೆ ಸುತ್ತಿ ಬಂದ ಹಳೆಯ ಪೇಪರಿನಲ್ಲಿ ನಿನ್ನ ಯಂತ್ರದ ಸುದ್ದಿಯೇ ಇತ್ತು. ಹೊರದೇಶದಲ್ಲಿ ಪ್ರಯಾಣಿಕರು, ನಾವು ಇದರೊಳಗೆ ನಿಲ್ಲುವುದಿಲ್ಲ, ಬೇಕಾದರೆ ಕೈಯಿಂದ ತಡವಿ ನೋಡಿ ಎನ್ನುತ್ತಿದ್ದಾರಂತೆ. ಚರ್ಮಕ್ಕೆ ಕೆಟ್ಟದ್ದು ಎಂದು ಕೆಲವು ವಿಜ್ಞಾನಿಗಳು, ಏನೂ ಆಗದು ಎಂದು ಇನ್ನು ಕೆಲವರು. ವರ್ಷಕ್ಕೆ ಎರಡು ಸಲ ನಿಲ್ಲುವವರೇ ಇಷ್ಟು ಯೋಚಿಸುತ್ತಾರೆ. ನೀನು ದಿನಕ್ಕೆ ಎಷ್ಟು ಸಲ ನಿಲ್ಲುತ್ತೀ? ಅದನ್ನು ಮಾತ್ರ ಬರೆದಿಲ್ಲ. ನೀನು ಬರೆಯದೆ ಬಿಟ್ಟದ್ದನ್ನು ಓದುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ.

ಈಗ ನನ್ನ ಸುದ್ದಿ. ನಾನು ಬಸುರಿ. ಮೂರನೇ ತಿಂಗಳು. ಎರಡು ಸಲ ಕಳೆದುಕೊಂಡವಳು ಬಾಯಿಬಿಟ್ಟು ಹೇಳಬಾರದು ಎಂದು ಅತ್ತೆ ರುದ್ರಮ್ಮ ಕಟ್ಟಪ್ಪಣೆ ಮಾಡಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಅಪ್ಪ ಇದ್ದಿದ್ದರೆ ಅವರಿಗೆ ಬರೆಯುತ್ತಿದ್ದೆ. ತವರು ಅಂತ ಈಗ ನೀನೊಬ್ಬನೇ.

ಆದರೆ ಸಂತೋಷಪಡಲು ಧೈರ್ಯವಿಲ್ಲ. ಕೆಮ್ಮು ಎಂದು ಮೇ ತಿಂಗಳಲ್ಲಿ ಆರೋಗ್ಯ ಶಿಬಿರಕ್ಕೆ ಹೋಗಿ ಎದೆಯ ಎಕ್ಸ್-ರೇ ತೆಗೆಸಿಕೊಂಡಿದ್ದೆ. ಬಸುರಿಯೆಂದು ಆಗ ನನಗೇ ಗೊತ್ತಿರಲಿಲ್ಲ. ಮೊನ್ನೆ ದವಾಖಾನೆಯ ನರ್ಸ್, “ತಿಳೀಲಾರದ ಯಾಕ್ ತಗಸ್ಕೊಂಡ್ರಿ? ಹೊಟ್ಟ್ಯಾಗಿನ ಕೂಸಿನ ಗತಿ ಏನ್ರಿ?” ಎಂದಳು. ಕಿವಿ ಕೇಳದಿದ್ದರೂ ಆ ತುಟಿ ಓದಿದೆ. ಅಂದಿನಿಂದ ಕುಪ್ಪಸ ಹೊಲಿಯಲು ಕುಳಿತರೆ ಹೊಲಿಗೆ ಸೊಟ್ಟಗೆ ಹೋಗುತ್ತದೆ, ಬಿಚ್ಚಿ ಮತ್ತೆ ಹಾಕುತ್ತೇನೆ. ಕೂಸಿನ ಅಪ್ಪನಾದ ಮಲಕಪ್ಪನವರಿಗೆ ಹೇಳಿದರೆ ಮೋಟಾರಿಗೆ ತಂತಿ ಸುತ್ತುತ್ತಾ, “ಆಗೂದ್ ಆಕ್ಕೈತಿ, ಬಿಡು” ಎನ್ನುತ್ತಾರೆ. ಗಂಡಸರಿಗೆ ಬಿಡುವುದು ಸುಲಭ.

ಅಕ್ಕ


ದೊಡ್ಡನೆಕ್ಕುಂದಿ
೭ ಜುಲೈ ೨೦೧೦

ದಾನಕ್ಕಾ,

ನಿನ್ನ ಪತ್ರ ಓದಿ ರೂಮಿನಲ್ಲಿ ಕುಣಿದೆ. ಬಸಲಿಂಗ ನನಗೆ ಹುಚ್ಚು ಹಿಡಿಯಿತು ಎಂದುಕೊಂಡ. ಸೋದರಮಾವ ಆಗುವ ಸಂಭ್ರಮ ಅವನಿಗೇನು ಗೊತ್ತು.

ಕವರಿನೊಳಗೆ ಬಟ್ಟೆ ಸುತ್ತಿ ಒಂದು ವಸ್ತು ಇಟ್ಟಿದ್ದೇನೆ. ಹೌದು, ಅದೇ ಬ್ಯಾಡ್ಜ್. ಇದನ್ನು ಹೊಟ್ಟೆಯ ಮೇಲೆ ಕಟ್ಟಿಕೋ. ದೊಡ್ಡ ದೊಡ್ಡ ಇಂಜಿನಿಯರುಗಳೇ ಇದಿಲ್ಲದೆ ಕಿರಣದ ಹತ್ತಿರ ಸುಳಿಯುವುದಿಲ್ಲ. ಒಳಗೆ ಏನೋ ಪುಡಿ, ತೆಳುವಾದ ತಗಡು ಇದೆಯಂತೆ, ಕಿರಣವನ್ನು ಅದು ತಾನೇ ಕುಡಿದುಬಿಡುತ್ತದೆ ಎಂದು ನಮ್ಮ ಪ್ಯಾಕಿಂಗಿನವರು ಹೇಳಿದರು. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ವಾಪಸು ಪಡೆದು ಎಲ್ಲಿಗೋ ಕಳಿಸಿ, ಹೊಸದು ಕೊಡುತ್ತಾರೆ. ಅಷ್ಟರಲ್ಲಿ ಶಕ್ತಿ ಮುಗಿದಿರುತ್ತದೆ ಅಂತ ಕಾಣುತ್ತದೆ. ಆದ್ದರಿಂದ ಸೆಪ್ಟೆಂಬರ್ ಇಪ್ಪತ್ತೈದರೊಳಗೆ ಇದು ನನಗೆ ತಲುಪಬೇಕು. ಹೊಸದು ಸಿಕ್ಕ ಕೂಡಲೇ ಮತ್ತೆ ಕಳಿಸುತ್ತೇನೆ.

ಮೇ ತಿಂಗಳಲ್ಲಿ ಬಿದ್ದ ಕಿರಣವನ್ನೂ ಇದು ಎಳೆದುಕೊಳ್ಳುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಯಾರಿಗೆ ಎನ್ನುತ್ತಾರೆ, ಅದಕ್ಕೆ ಕೇಳಲಿಲ್ಲ. ಎಳೆಯದಿದ್ದರೂ ನಷ್ಟವೇನು?

ನನ್ನ ಚಿಂತೆ ಬೇಡ. ದಿನಕ್ಕೆ ಎಷ್ಟು ಸಲ ಎಂದು ಕೇಳಿದ್ದೀ. ನೂರು, ನೂರೈವತ್ತು. ಎಂಟು ಸೆಕೆಂಡಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಹೊರಗಿನ ಡಬ್ಬಿ ಇಲ್ಲೇ ಇಟ್ಟುಕೊಂಡು, ಅಳತೆಗೆ ರಟ್ಟು ಕತ್ತರಿಸಿ ಒಳಗೆ ತೂರಿಸಿದ್ದೇನೆ. ದೂರದಿಂದ ನೋಡಿದರೆ ದೇವರಿಗೂ ಗೊತ್ತಾಗದು.

ಹನುಮೇಶ


ಗಜೇಂದ್ರಗಡ
೩೦ ಜುಲೈ ೨೦೧೦

ಹನುಮಾ,

ನೀನು ಕಳಿಸಿದ್ದು ಬಂತು. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ ತಾಯತ ಐತೇನ್ ಬೇ?” ಎಂದರು. ಬೆಂಗಳೂರಿನ ತಾಯತ ಎಂದೆ. ಅವರೇ ಕೆಂಪು ಖಣದ ಚೀಲ ಹೊಲಿದು, ಸೋಮವಾರ ಮೀಯಿಸಿ, ಹೊಟ್ಟೆಗೆ ಕಟ್ಟಿದರು. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ಹೋದರು. ಅಷ್ಟು ಜನ ಮುಟ್ಟಿದರೆ ಶಕ್ತಿ ಬೇಗ ಮುಗಿಯುವುದಿಲ್ಲವೇ?

ಹೇಳಬೇಕು ಎಂದು ಹೇಳುತ್ತಿದ್ದೇನೆ. ಕಟ್ಟಿದ ದಿನದಿಂದ ನನ್ನ ಹೊಲಿಗೆ ಮತ್ತೆ ನೆಟ್ಟಗೆ ಬೀಳುತ್ತಿದೆ. ಡಾಕ್ಟರು ಯಂತ್ರ ಇಟ್ಟು ನೋಡಿ, ಕೂಸಿನ ಎದೆ ಚೆನ್ನಾಗಿ ಬಡಿಯುತ್ತಿದೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅವರು ನನ್ನ ಬೆರಳನ್ನು ಮೇಜಿನ ಮೇಲಿಟ್ಟು ಆ ಬಡಿತದ ತಾಳದಲ್ಲಿ ತಟ್ಟಿ ತೋರಿಸಿದರು. ಇಷ್ಟು ವರ್ಷ ಕಿವಿ ಕೇಳದೆ ಇದ್ದದ್ದಕ್ಕೆ ಅಂದು ಮೊದಲ ಸಲ ಕಣ್ಣೀರು ಹಾಕಿದೆ.

ಆದರೆ ರಟ್ಟಿನ ಮಾತು ನನಗೆ ಹಿಡಿಸಲಿಲ್ಲ. ನಿನಗೆ ಬೇರೆ ಬ್ಯಾಡ್ಜ್ ಇದೆಯೋ ಇಲ್ಲವೋ? ನನ್ನ ಮೇಲೆ ಆಣೆ ಮಾಡಿ ಬರೆ. ಇಲ್ಲದಿದ್ದರೆ ನಾಳೆಯೇ ವಾಪಸು ಕಳಿಸುತ್ತೇನೆ.

ಅಕ್ಕ


ದೊಡ್ಡನೆಕ್ಕುಂದಿ
೨೨ ಆಗಸ್ಟ್ ೨೦೧೦

ದಾನಕ್ಕಾ,

ನಿನ್ನ ಮೇಲೆ ಆಣೆ. ಕಳೆದುಹೋಯಿತು ಎಂದು ಹೇಳಿ ಇನ್ನೊಂದು ಇಸಿದುಕೊಂಡಿದ್ದೇನೆ. ಈಗ ಇಬ್ಬರಿಗೂ ಇದೆ. ನಿಶ್ಚಿಂತೆಯಿಂದ ಕಟ್ಟಿಕೊಂಡಿರು.

ಇಲ್ಲಿ ಕೆಲಸ ಜೋರು. ಯಾವುದೋ ದೇಶದಿಂದ ದೊಡ್ಡ ಆರ್ಡರ್ ಬಂದಿದೆ. ಈಗ ದಿನಕ್ಕೆ ಮುನ್ನೂರು ಸಲ ನಿಲ್ಲುತ್ತೇನೆ. ಒಳಗಿನ ಟ್ಯೂಬು ಬೇಗ ಕಾಯುತ್ತದೆ ಎಂದು ಮುಂದಿನ ಮುಚ್ಚಳ ತೆಗೆದಿಟ್ಟು, ಫ್ಯಾನು ಹಚ್ಚಿ ಓಡಿಸುತ್ತಾರೆ. ಸೆಕೆಗಾಲದಲ್ಲಿ ನಾವು ಅಂಗಿ ಬಿಚ್ಚಿ ಕೂರುವುದಿಲ್ಲವೇ, ಹಾಗೆ.

ಮೊನ್ನೆ ಪರದೇಶದ ಗಿರಾಕಿಗಳು ಬಂದಿದ್ದರು. ಅವರಲ್ಲೊಬ್ಬ ಹೆಂಗಸು ಇದು ಸುರಕ್ಷಿತವೇ, ನಮ್ಮಲ್ಲಿ ಜನ ಗಲಾಟೆ ಮಾಡುತ್ತಿದ್ದಾರೆ ಎಂದು ಪದೇಪದೇ ಕೇಳಿದಳಂತೆ. ನಮ್ಮ ದೊಡ್ಡ ಸಾಹೇಬರು ನನ್ನನ್ನು ಕರೆದು ಭುಜದ ಮೇಲೆ ಕೈಯಿಟ್ಟು, ಈತ ಹತ್ತು ಸಾವಿರ ಸಲ ನಿಂತಿದ್ದಾನೆ, ನೋಡಿ ಹೇಗಿದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಎಲ್ಲರೂ ನನ್ನ ಕೈ ಕುಲುಕಿದರು. ಫೋಟೋ ತೆಗೆದರು, ಈ ಸಲ ಬಟ್ಟೆ ಸಮೇತ. ನನಗೆ ಹೆಮ್ಮೆಯಾಯಿತು ಅಕ್ಕ, ಸುಳ್ಳು ಯಾಕೆ ಹೇಳಲಿ.

ಹೆಣ್ಣಾದರೆ ಹೆಸರು ನಾನಿಡುತ್ತೇನೆ. ಅವ್ವನ ಹೆಸರು, ಶಿವಗಂಗಾ. ಅತ್ತೆಯವರು ಜಗಳ ಮಾಡಿದರೆ ನಾನು ನೋಡಿಕೊಳ್ಳುತ್ತೇನೆ.

ಹನುಮೇಶ


ಗಜೇಂದ್ರಗಡ
೧೮ ಸೆಪ್ಟೆಂಬರ್ ೨೦೧೦

ಹನುಮೇಶನಿಗೆ,

ಬ್ಯಾಡ್ಜ್ ಕಳಿಸಿದ್ದೇನೆ. ಎಲ್ಲ ಸರಿಯಿದೆ. ನಿನ್ನ ಪತ್ರ ತಲುಪಿತ್ತು. ಹೊಲಿಗೆ ಬಹಳ ಇದೆ, ಹೆಚ್ಚು ಬರೆಯಲು ಆಗುವುದಿಲ್ಲ. ಊಟ ಬಿಡಬೇಡ.

ದಾನೇಶ್ವರಿ


ದೊಡ್ಡನೆಕ್ಕುಂದಿ
೯ ಅಕ್ಟೋಬರ್ ೨೦೧೦

ದಾನಕ್ಕಾ,

ಇಷ್ಟು ಚಿಕ್ಕ ಪತ್ರ ನೀನು ಹುಟ್ಟಿದ ಮೇಲೆ ಬರೆದಿಲ್ಲ. ಹೆಸರಿನ ವಿಷಯಕ್ಕೆ ಸಿಟ್ಟು ಬಂತೇ? ಅತ್ತೆಯವರು ಓದಿಬಿಟ್ಟರೇ? ಸರಿ, ಹೆಸರು ಅವರೇ ಇಡಲಿ, ಕರೆಯುವುದು ನಾನು ನನಗೆ ಬೇಕಾದ ಹಾಗೆ.

ಈ ಕವರಿನಲ್ಲಿ ಹೊಸ ಬ್ಯಾಡ್ಜ್ ಇಟ್ಟಿದ್ದೇನೆ. ಇದು ಡಿಸೆಂಬರ್ ಕೊನೆಯವರೆಗೆ. ಅದರ ಮುಂದಿನದು ಬರುವಷ್ಟರಲ್ಲಿ ಕೂಸು ಕೈಯಲ್ಲಿರುತ್ತದೆ.

ಕುಬಸದ ಮಾತು. ಏಳನೇ ತಿಂಗಳಲ್ಲಿ ಬಸುರಿಗೆ ತವರಿನಿಂದ ಸೀರೆ ಕುಪ್ಪಸ ತರಬೇಕಲ್ಲ. ಮಾರತ್ತಹಳ್ಳಿಯಲ್ಲಿ ಹಸಿರು ಸೀರೆ ನೋಡಿಟ್ಟಿದ್ದೇನೆ. ಅಂಗಡಿಯವಳು, “ಯಾರಿಗಣ್ಣ, ಹೆಂಡ್ತಿಗಾ?” ಎಂದಳು. ಅಕ್ಕನಿಗೆ ಎಂದಾಗ ಅವಳೇ ಕುಪ್ಪಸದ ಖಣ ಆರಿಸಿಕೊಟ್ಟಳು. ತವರು ಎಂದರೆ ಐವತ್ತು ಜನ ಬುಟ್ಟಿ ಹೊತ್ತು ಬರುವುದು ಎಂದು ನಿಮ್ಮ ಓಣಿಯವರು ತಿಳಿದಿದ್ದಾರೆ. ನಾನೊಬ್ಬನೇ ಐವತ್ತು ಬುಟ್ಟಿ ಹೊತ್ತು ಬರುತ್ತೇನೆ. ದಿನ ತಿಳಿಸು, ರಜೆ ಕೇಳಬೇಕು.

ಸ್ವಲ್ಪ ಆಯಾಸ ಇದೆ, ಅಷ್ಟೇ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಗುಟ್ಕಾ ಬಿಡು ಎಂದು ಬಸಲಿಂಗ ಬೈದ, ಬಿಟ್ಟೆ. ಕಾಲ ಮೇಲೆ ಅಲ್ಲಲ್ಲಿ ನೀಲಿ ಕಲೆ. ಎಲ್ಲಿ ತಾಗಿಸಿಕೊಂಡೆನೋ ನೆನಪಿಲ್ಲ.

ಹನುಮೇಶ


ಗಜೇಂದ್ರಗಡ
೨ ನವೆಂಬರ್ ೨೦೧೦

ಹನುಮಾ,

ಕುಬಸಕ್ಕೆ ಬರಬೇಡ. ಮಲಕಪ್ಪನವರ ದೊಡ್ಡಪ್ಪ ಕಾಡಪ್ಪಜ್ಜ ತೀರಿಕೊಂಡರು. ಈ ವರ್ಷ ಮನೆಯಲ್ಲಿ ಯಾವ ಶುಭಕಾರ್ಯವೂ ಬೇಡ ಎಂದು ಹಿರಿಯರು ಹೇಳಿದ್ದಾರೆ. ಸೀರೆ ತೆಗೆದುಕೊಂಡಿದ್ದರೆ ವಾಪಸು ಕೊಡು. ನನ್ನ ಮೇಲೆ ಬೇಸರ ಮಾಡಿಕೊಳ್ಳಬೇಡ.

ವಸಡಿನ ರಕ್ತ ಗುಟ್ಕಾದ್ದೇ. ಅಪ್ಪನಿಗೂ ಹಾಗೇ ಆಗುತ್ತಿತ್ತು. ಕಲೆ ಯಾಕೆ? ಡಾಕ್ಟರಿಗೆ ತೋರಿಸು. ನಿನ್ನ ಬ್ಯಾಡ್ಜ್ ದಿನಾ ಹಾಕಿಕೊಳ್ಳುತ್ತೀಯಲ್ಲ? ನನ್ನದು ಹೊಟ್ಟೆಯ ಮೇಲೇ ಇದೆ, ಬಿಚ್ಚಿಲ್ಲ.

ಅಕ್ಕ


ಬೆಂಗಳೂರು
೯ ಡಿಸೆಂಬರ್ ೨೦೧೦

ದಾನಕ್ಕಾ,

ಅಕ್ಷರ ಸೊಟ್ಟಗಿದ್ದರೆ ನಗಬೇಡ, ಮಲಗಿಕೊಂಡು ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿದ್ದೇನೆ. ಯಂತ್ರದಲ್ಲಿ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದೆ. ಮೂಗಿನಿಂದ ರಕ್ತ ನಿಲ್ಲಲಿಲ್ಲ. ಮೂಳೆಯೊಳಗೆ ರಕ್ತ ಹುಟ್ಟುವುದು ಕಡಿಮೆಯಾಗಿದೆಯಂತೆ. ಬೇರೆಯವರ ರಕ್ತ ಹಾಕುತ್ತಿದ್ದಾರೆ. ಏಳು ಬಾಟಲಿ ಆಯಿತು. ಈಗ ನಿನ್ನ ತಮ್ಮನಲ್ಲಿ ಅರ್ಧ ಬೆಂಗಳೂರು ಹರಿಯುತ್ತಿದೆ. ಮಾವನಿಗೆ ಹೇಳಬೇಡ, ದಿನ ತುಂಬುವ ಹೊತ್ತಿನಲ್ಲಿ ನಿನ್ನ ಸುತ್ತ ಗಾಬರಿ ಬೇಡ.

ಒಂದು ತಮಾಷೆ ಹೇಳುತ್ತೇನೆ. ಯಂತ್ರದಿಂದ ಹೀಗಾಯಿತೇ ಎಂದು ಡಾಕ್ಟರನ್ನು ಕೇಳಿದೆ. ಹೌದೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು, ಎಷ್ಟು ಕಿರಣ ಬಿದ್ದಿದೆ ಎಂದು ಕಂಪನಿಯಿಂದ ತನ್ನಿ ಎಂದರು. ವೀರೇಶ್ ಸಾರ್ ಬಂದರು. “ನಿನ್ನ ಬ್ಯಾಡ್ಜ್ ರಿಪೋರ್ಟ್ ನೋಡ್ದೆ. ಸೊನ್ನೆ ಇದೆ ಕಣಯ್ಯಾ. ಒಂಚೂರು ಜಾಸ್ತಿ ಬಂದಿದ್ರೂ ಅಕ್ಟೋಬರಲ್ಲೇ ನಿನ್ನ ಆ ಜಾಗದಿಂದ ತೆಗೀತಿದ್ವಲ್ಲ, ಮುಚ್ಚಳ ಹಾಕಿಸ್ತಿದ್ವಲ್ಲ. ಇದು ಬೇರೆ ಏನೋ ಕಾಯಿಲೆ” ಎಂದರು. ನಾನು ಬೆಪ್ಪಾದೆ. ಬ್ಯಾಡ್ಜ್ ಕಾಪಾಡುವುದಿಲ್ಲವೇ ಸಾರ್ ಎಂದರೆ ಅವರು ನಕ್ಕು, “ಅದು ಕಾಪಾಡಲ್ಲ ಕಣೋ, ಎಷ್ಟು ಬಿತ್ತು ಅಂತ ಬರ್ಕೊಳ್ಳತ್ತೆ ಅಷ್ಟೇ” ಎಂದರು. ನಾವಿಬ್ಬರೂ ಎಂಥ ದಡ್ಡರು ನೋಡು.

ಬ್ಯಾಡ್ಜ್ ನಿನ್ನ ಹತ್ತಿರ ಇತ್ತು ಎಂದು ಅವರಿಗೆ ಹೇಳಲಿಲ್ಲ. ನೀನು ಮತ್ತೆ ಕೇಳುವ ಮುಂಚೆ ನಾನೇ ಒಪ್ಪಿಕೊಳ್ಳುತ್ತೇನೆ, ನನ್ನ ಹತ್ತಿರ ಎರಡನೆಯದು ಇರಲಿಲ್ಲ. ಆಣೆ ಸುಳ್ಳಾಗಿತ್ತು.

ಆದರೆ ಸರಿಯಾಗಿ ಯೋಚಿಸಿದರೆ ಇದು ಒಳ್ಳೆಯ ಸುದ್ದಿ ಅಕ್ಕ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಬ್ಯಾಡ್ಜ್ ನಿನ್ನ ಹೊಟ್ಟೆಯ ಮೇಲೆ ಇತ್ತು. ಅದಕ್ಕೆ ಸೊನ್ನೆ ಬಂದಿದೆ. ಅಂದರೆ ಕೂಸಿಗೆ ಒಂದು ಕಿರಣವೂ ತಾಗಿಲ್ಲ ಎಂದು ಕಂಪನಿಯೇ ಮೊಹರು ಒತ್ತಿ ಕೊಟ್ಟ ಹಾಗಾಯಿತು. ನೀನು ಇನ್ನು ಹೆದರಬೇಡ.

ಹನುಮೇಶ


ಗಜೇಂದ್ರಗಡ
೧೭ ಡಿಸೆಂಬರ್ ೨೦೧೦

ಹನುಮಾ,

ಯಾವ ಆಸ್ಪತ್ರೆ ಎಂದೂ ನೀನು ಬರೆದಿಲ್ಲ. ರೂಮಿಗೇ ಕಳಿಸುತ್ತಿದ್ದೇನೆ. ಬಸಲಿಂಗ ಕೂಡಲೇ ತಂದುಕೊಡಲಿ. ನಾನೂ ಭಾನುವಾರದ ಬಸ್ಸಿಗೆ ಹೊರಡುತ್ತೇನೆ. ಎದುರಿಗೆ ನಿಂತು ಹೇಳುವ ಶಕ್ತಿ ನನಗಿಲ್ಲ, ಆದ್ದರಿಂದ ಈ ಕಾಗದ ನನಗಿಂತ ಮುಂಚೆ ಬರಲಿ.

ಕೂಸು ಇಲ್ಲ. ಸೆಪ್ಟೆಂಬರ್ ಆರನೇ ತಾರೀಖು ಹೋಯಿತು. ಐದು ತಿಂಗಳು ತುಂಬಲು ಬಂದಿತ್ತು. ಹೆಣ್ಣು. ಡಾಕ್ಟರು ಎಕ್ಸ್-ರೇಯಿಂದಲ್ಲ, ನನ್ನ ಗರ್ಭಕೋಶದ ಬಾಯಿಯೇ ಸಡಿಲ, ಮೊದಲೆರಡೂ ಹಾಗೇ ಹೋಗಿದ್ದು ಎಂದರು. ನಾವು ಅಂಜಿದ್ದೇ ಒಂದು, ಆದದ್ದೇ ಒಂದು.

ನಿನಗೆ ಹೇಗೆ ಬರೆಯಲಿ? ಕೈಯಲ್ಲಿ ನಿನ್ನ ಪತ್ರ ಇತ್ತು, ಅವ್ವನ ಹೆಸರಿಡುತ್ತೇನೆ ಎಂದಿದ್ದೆ. ನಾಳೆ ಬರೆಯೋಣ, ನಾಳೆ ಬರೆಯೋಣ ಎಂದು ತಿಂಗಳು ದಾಟಿತು. ಅಷ್ಟರಲ್ಲಿ ನೀನು ಹಸಿರು ಸೀರೆಯ ಮಾತು ಬರೆದೆ. ಕಾಡಪ್ಪಜ್ಜ ಗಟ್ಟಿಮುಟ್ಟಾಗಿ ಕಟ್ಟೆಯ ಮೇಲೆ ಕುಳಿತಿದ್ದಾನೆ, ಕಾಗದದಲ್ಲಿ ಅವನನ್ನು ಸಾಯಿಸಿದವಳು ನಾನು. ಎರಡನೇ ಬ್ಯಾಡ್ಜನ್ನೂ ವಾಪಸು ಕಳಿಸಲಿಲ್ಲ. ಖಾಲಿ ಹೊಟ್ಟೆಗೆ ಕಟ್ಟಿಕೊಂಡು ಕುಳಿತೆ. ನಿನ್ನ ಹತ್ತಿರ ಇನ್ನೊಂದಿದೆ ಎಂದು ನಂಬಿದ್ದೆ. ನಂಬಿದ್ದೆ ಎಂದರೆ, ನಂಬುವುದು ನನ್ನ ದುಃಖಕ್ಕೆ ಅನುಕೂಲವಾಗಿತ್ತು.

ಈಗ ನಾನು ಹೇಳಿದ ಹಾಗೆ ಮಾಡು. ಆ ಸೊನ್ನೆ ನಿನ್ನದಲ್ಲ. ಬ್ಯಾಡ್ಜ್ ಗಜೇಂದ್ರಗಡದಲ್ಲಿತ್ತು ಎಂದು ಕಂಪನಿಯವರಿಗೂ ಡಾಕ್ಟರಿಗೂ ಹೇಳು. ನಿನ್ನ ಎಲ್ಲ ಪತ್ರಗಳೂ ನನ್ನ ಹತ್ತಿರ ಇವೆ, ಅಂಚೆಯ ಮುದ್ರೆ ಇದೆ, ಮುಚ್ಚಳ ತೆಗೆದ ಮಾತು ಇದೆ. ಎಲ್ಲ ತರುತ್ತೇನೆ. ಅವರು ಯಂತ್ರವನ್ನು ಅಳೆಯಲಿ, ನಿನ್ನ ಚಿಕಿತ್ಸೆಗೆ ಅವರೇ ನಿಲ್ಲಲಿ. ನಾನು ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಅಕ್ಕ


ಬೆಂಗಳೂರು
೧೭ ಡಿಸೆಂಬರ್ ೨೦೧೦

ದಾನಕ್ಕಾ,

ಇವತ್ತು ಒಂದು ಕೆಲಸ ಮುಗಿಸಿದೆ. ವೀರೇಶ್ ಸಾರ್ ಮತ್ತು ಕಂಪನಿಯ ಇನ್ನೊಬ್ಬರು ಬಂದಿದ್ದರು. ನಾನು ಬಿದ್ದ ದಿನ ಯಾರೋ ನನ್ನ ಅಂಗಿ ಬಿಚ್ಚುವಾಗ ಡಬ್ಬಿ ಒಡೆದು ರಟ್ಟು ಹೊರಬಿತ್ತಂತೆ. ನಿಜವಾದ ಬ್ಯಾಡ್ಜ್ ಎಲ್ಲಿ ಎಂದು ಇನ್ನೊಬ್ಬರು ಗದರಿದರು. ಅದು ಸರ್ಕಾರದ ಲೆಕ್ಕದಲ್ಲಿರುವ ವಸ್ತು, ಯಾರ ಹತ್ತಿರ ಸಿಕ್ಕರೂ ಅವರ ಮೇಲೆ ಪೊಲೀಸ್ ಕಂಪ್ಲೇಂಟು ಎಂದರು. ಅದು ಎಲ್ಲಿದೆ ಎಂದು ಊಹಿಸಿದವರಂತೆ ವೀರೇಶ್ ಸಾರ್ ಮಾತ್ರ ಮೆಲ್ಲಗೆ, “ನಿಮ್ಮಕ್ಕ ಬಸುರಿ ಅಂದಿದ್ಯಲ್ಲ. ಅವ್ರ ಮನೆಗೆ ಪೊಲೀಸ್ ಹೋಗೋದು ಬೇಕಾ?” ಎಂದು ಕೇಳಿದರು. ಅವರು ಬಹಳ ಹೊತ್ತು ಕಿಟಕಿಯ ಕಡೆಗೇ ನೋಡುತ್ತಿದ್ದರು.

ಮೊದಲ ಎರಡು ಕಳೆದುಕೊಂಡವಳು ನೀನು. ಒಂಬತ್ತನೇ ತಿಂಗಳಲ್ಲಿ ಖಾಕಿ ಬಟ್ಟೆ ಬಾಗಿಲಿಗೆ ಬಂದರೆ ಏನಾಗಬಹುದು ಎಂದು ಯೋಚಿಸಿದೆ. ಯೋಚಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಪ್ರತಿದಿನ ಬ್ಯಾಡ್ಜ್ ಧರಿಸಿದ್ದೆ, ಕೊನೆಯ ವಾರ ಮಾತ್ರ ಕಳೆದುಹೋಗಿತ್ತು ಎಂದು ಅವರು ಬರೆದುಕೊಂಡು ಬಂದಿದ್ದರು. ಸಹಿ ಹಾಕಿದೆ. ಇನ್ನು ಯಾರೂ ನಿನ್ನನ್ನು ಕೇಳುವುದಿಲ್ಲ. ನಿನ್ನ ಹತ್ತಿರವಿರುವ ಬ್ಯಾಡ್ಜನ್ನು ಒಲೆಗೆ ಹಾಕಿಬಿಡು.

ಸಹಿ ಹಾಕಿ ಏನೇನು ಕಳೆದುಕೊಂಡೆ ಎಂದು ನೀನು ಬೈಯುತ್ತೀ, ಗೊತ್ತು. ಡಾಕ್ಟರು ಕಿರಣದ ಮಾತು ಬಿಟ್ಟರು. ಕಂಪನಿ ಇನ್ನು ಆಸ್ಪತ್ರೆಗೆ ದುಡ್ಡು ಕೊಡುವುದಿಲ್ಲವಂತೆ. ಹೋಗಲಿ. ಸರ್ಕಾರಿ ವಾರ್ಡಿಗೆ ಸೇರಿಸುತ್ತಾರೆ, ಅಲ್ಲೂ ರಕ್ತ ಕೆಂಪಗೇ ಇರುತ್ತದೆ. ಅಕ್ಕ, ನನಗೆ ಭಯವಾಗುತ್ತದೆ. ಇದನ್ನು ನಿನಗೆ ಬಿಟ್ಟು ಇನ್ಯಾರಿಗೆ ಹೇಳಲಿ. ಆದರೆ ಕೂಸಿನ ವಿಷಯ ನೆನಪಾದಾಗ ಸರಿಹೋಗುತ್ತದೆ. ಅದು ನೆಟ್ಟಗೆ ಹುಟ್ಟಿದರೆ ಈ ವರ್ಷ ವ್ಯರ್ಥವಾಗಲಿಲ್ಲ ಎಂದುಕೊಳ್ಳುತ್ತೇನೆ.

ಹನುಮೇಶ


ಆಸ್ಪತ್ರೆಯ ಪಡಸಾಲೆ, ಬೆಂಗಳೂರು
೪ ಜನವರಿ ೨೦೧೧

ಹನುಮಾ,

ನಾನು ಬಂದು ಹದಿನೈದು ದಿನವಾಯಿತು. ನಿನಗೆ ಸೋಂಕು ತಗಲಬಾರದು ಎಂದು ಗಾಜಿನ ಕೋಣೆಯಲ್ಲಿ ಇಟ್ಟಿದ್ದಾರೆ, ಒಳಗೆ ಬಿಡುವುದಿಲ್ಲ. ನೀನು ಮಾತಾಡಿದರೂ ನನಗೆ ಕೇಳುತ್ತಿರಲಿಲ್ಲ, ಆದ್ದರಿಂದ ಗಾಜಿನಿಂದ ನಮಗೇನೂ ಕಡಿಮೆಯಾಗಿಲ್ಲ.

ಬಂದ ಮೂರನೇ ದಿನ ನಿನ್ನ ಪತ್ರಗಳನ್ನು ಹಿಡಿದುಕೊಂಡು ಕಂಪನಿಗೆ ಹೋಗಿದ್ದೆ. ಗೇಟಿನಲ್ಲಿ ಕೈ ಮೇಲೆತ್ತಿಸಿ ತಡವಿದರು. ವೀರೇಶ್ ಸಾರ್ ಹೊರಗೇ ಬಂದರು. ಪತ್ರಗಳನ್ನು ಓದಿದರು, ಜುಲೈನದನ್ನು ಎರಡು ಸಲ. ಆಮೇಲೆ ನಿನ್ನ ಸಹಿಯ ಕಾಗದ ತೋರಿಸಿ, ನನಗೆ ತಿಳಿಯುವ ಹಾಗೆ ನಿಧಾನವಾಗಿ ತುಟಿ ಆಡಿಸಿದರು: “ನಿಮ್ ತಮ್ಮನೇ ಬರ್ಕೊಟ್ಟಿದಾನಲ್ಲಮ್ಮ, ದಿನಾ ಹಾಕ್ಕೋತಿದ್ದೆ ಅಂತ. ಇವಾಗ ನಾನೇನ್ ಮಾಡ್ಲಿ?” ಆ ಯಂತ್ರವನ್ನು ಅಳೆಯಿರಿ ಎಂದೆ. ಅದು ಮುಚ್ಚಳ ಸಮೇತ ಹಡಗು ಹತ್ತಿ ಹೋಯಿತಂತೆ. ನನ್ನ ಕೆಟ್ಟ ದನಿಯಲ್ಲಿ ಬಾಯಿಗೆ ಬಂದಂತೆ ಬೈದೆ. ಊಟಕ್ಕೆ ಹೊರಟ ಜನರೆಲ್ಲ ನಿಂತು ನೋಡಿದರು. ಹೊಡೆದು ಬಡಿದು ನಿನ್ನಿಂದ ಸಹಿ ಹಾಕಿಸಿಕೊಂಡಿದ್ದಾರೆ ಎಂದೇ ತಿಳಿದಿದ್ದೆ.

ನಿನ್ನೆ ಮಲಕಪ್ಪನವರು ಊರಿನಿಂದ ಬರುವಾಗ ನಿನ್ನ ಕೊನೆಯ ಪತ್ರ ತಂದರು. ನಾನು ಹೊರಟ ಮೇಲೆ ಬಂದು ಬಿದ್ದಿತ್ತಂತೆ. ನನ್ನ ಹೆಸರಿನ ಕಾಗದವನ್ನು ಅವರು ಎಂದೂ ಒಡೆಯುವುದಿಲ್ಲ. ಓದಿದೆ. ನೀನು ಯಾರಿಗಾಗಿ ಸಹಿ ಹಾಕಿದೆ ಎಂದು ಈಗ ಗೊತ್ತಾಯಿತು. ಆ ಸಹಿಗೆ ನೂರಾ ಎರಡು ದಿನ ಮುಂಚೆಯೇ ಹೋಗಿದ್ದ ಕೂಸನ್ನು ಕಾಪಾಡಲು ನಿನ್ನನ್ನು ನೀನು ಬರೆದುಕೊಟ್ಟೆ. ನಾನು ಸೆಪ್ಟೆಂಬರಿನಲ್ಲಿ ಒಂದು ಸಾಲು ಬರೆದಿದ್ದರೆ ಎರಡನೇ ಬ್ಯಾಡ್ಜ್ ನಿನ್ನ ಎದೆಯ ಮೇಲಿರುತ್ತಿತ್ತು. ಡಿಸೆಂಬರಿನಲ್ಲಿ ಪೊಲೀಸರು ಬರಲಿ ಎಂದು ನೀನೇ ಹೇಳುತ್ತಿದ್ದೆ. ಒಂದೇ ಸಾಲು. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಈ ಗಾಜಿನೊಳಗೆ ತಂದು ಮಲಗಿಸಿದವಳೂ ನಾನೇ. ಅತ್ತರೆ ಹಗುರವಾಗುತ್ತದೆ ಎಂದು ಗಂಗಮ್ಮ ಆಯಾ ಹೇಳುತ್ತಾಳೆ. ಹಗುರವಾಗುವುದು ನನಗೆ ಬೇಡ.

ನಿನಗೆ ಇನ್ನೂ ಗೊತ್ತಿಲ್ಲ. ನಾನು ಊರಿನಿಂದ ಬರೆದದ್ದನ್ನು ಬಸಲಿಂಗ ಒಡೆಯದೆ ಇಟ್ಟುಕೊಂಡಿದ್ದ, ಅಷ್ಟರಲ್ಲಿ ನಿನ್ನನ್ನು ಒಳಗೆ ಹಾಕಿದ್ದರು. ಅವನು ನನ್ನ ಕೈಗೇ ಕೊಟ್ಟ. ಇವತ್ತು ಬೆಳಿಗ್ಗೆ ಅದನ್ನೂ ಇದನ್ನೂ ಸೇರಿಸಿ ಒಳಗೆ ಕಳಿಸಬೇಕು, ಇನ್ನೂ ಸುಳ್ಳು ಬೇಡ ಎಂದು ನಿರ್ಧರಿಸಿ ಬರೆಯಲು ಕುಳಿತೆ. ಡಾಕ್ಟರು ಬಂದರು. ನನ್ನ ನೋಟುಬುಕ್ಕಿನಲ್ಲಿ, ಹೆಚ್ಚೆಂದರೆ ಒಂದು ವಾರ ಎಂದು ಬರೆದರು. ಪೆನ್ನು ನನ್ನದೇ ಇಸಿದುಕೊಂಡರು.

ಆಮೇಲೆ ಗಾಜಿನ ಹತ್ತಿರ ಹೋದೆ. ನೀನು ಎದ್ದಿದ್ದೆ. ನಾನು ದಪ್ಪ ಶಾಲು ಹೊದ್ದಿದ್ದೆ, ನೀನು ಅದರೊಳಗೆ ಏನಿದೆ ಎಂದು ನೋಡಲು ಕತ್ತು ಎತ್ತಿದೆ. ನಾವು ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ ಎರಡೂ ಕೈಯಲ್ಲಿ ತೊಟ್ಟಿಲು ತೂಗಿ, ಯಾವಾಗ ಎಂದು ನೀನು ಕೇಳಿದೆ. ನಾನು ಹತ್ತು ಬೆರಳು ತೋರಿಸಿ, ಮತ್ತೆ ಐದು ತೋರಿಸಿದೆ. ನೀನು ನಕ್ಕೆ. ವಸಡೆಲ್ಲ ಕಪ್ಪಾಗಿದೆ, ಆದರೂ ನಕ್ಕೆ.

ಈ ಕಾಗದ ನಿನಗೆ ಕೊಡುವುದಿಲ್ಲ. ಬೇರೊಂದು ಬರೆಯುತ್ತೇನೆ.

ಅಕ್ಕ


೪ ಜನವರಿ ೨೦೧೧

ಹನುಮಾ,

ಇದನ್ನು ಗಂಗಮ್ಮ ನಿನ್ನ ಮುಖದ ಹತ್ತಿರ ಹಿಡಿಯುತ್ತಾಳೆ, ಕೈ ಎತ್ತಬೇಡ.

ಕೂಸು ಬೆಳಗಿನಿಂದ ಒಂದೇ ಸಮನೆ ಒದೆಯುತ್ತಿದೆ. ತಲೆ ಕೆಳಗಾಗಿದೆ, ಇನ್ನು ಹದಿನೈದು ದಿನ ಎಂದು ಡಾಕ್ಟರು ಹೇಳಿದರು. ಹೆಣ್ಣಾದರೆ ಶಿವಗಂಗಾ ಎಂದೇ ಇಡುತ್ತೇವೆ, ಅತ್ತೆಯವರೂ ಒಪ್ಪಿದ್ದಾರೆ. ಪೊಲೀಸರು ಬರಲಿಲ್ಲ, ಯಾರೂ ಏನೂ ಕೇಳಲಿಲ್ಲ. ನೀನು ಸಹಿ ಹಾಕಿದ್ದು ಒಳ್ಳೆಯದಾಯಿತು. ನಮ್ಮಿಬ್ಬರನ್ನೂ ಉಳಿಸಿದೆ.

ನಿನ್ನ ಅಕ್ಕ
ದಾನೇಶ್ವರಿ